ಮೈದಾನದ ಮಾಸ್ತರರು: ಸಯ್ಯದ್ ಅಬ್ದುಲ್ ರಹೀಂ

ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ಬೀದರ್ ಜಿಲ್ಲೆಗೆ ಸೇವೆಗೆಂದು ಹೋಗಿಬಂದ ಗುರುಗಳು, ಧರ್ಮಭಗಿನಿಯರು, ಶಿಕ್ಷಕರು ನಮ್ಮ ನಡುವೆ ಹಲವರಿದ್ದಾರೆ. ಬಸವಕಲ್ಯಾಣ, ಹುಮನಾಬಾದ್ ಎಂಬ ಊರುಗಳ ಹೆಸರು ಹಾಗಾಗಿ ನಮಗೆ ತೀರಾ ಅಪರಿಚಿತವೇನಲ್ಲ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯ ರಚನೆಯಾದಾಗ ಬೀದರ್ ಜಿಲ್ಲೆಯೂ ಅದರಲ್ಲಿ ಸೇರಿತು. ಬೇಸಿಗೆ ರಜೆಯಲ್ಲಿ ಅತ್ತ ಮಕ್ಕಳ ಶಿಬಿರ ನಡೆಸಿ ಬಂದ ಯುವಜನರನ್ನು ಮಾತನಾಡಿಸಿದರೆ ಅವರೆಲ್ಲರದೂ ಹೆಚ್ಚುಕಡಿಮೆ ಒಂದೇ ಅನುಭವ. ಬೆಳಗ್ಗೆ ಹಾಡು, ನೃತ್ಯ, ಚಿತ್ರ, ಕಿರುನಾಟಕ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ಸಂಜೆ ಬಿಸಿಲು ಇಳಿದೊಡನೆ ಮಕ್ಕಳು ಕೇಳುವುದು ಚೆಂಡನ್ನು. ಚೆಂಡು ಕೊಟ್ಟ ಮೇಲೆ ಮುಂದೇನು ಮಾಡಬೇಕೆಂಬುದು ಯಾರಿಗೂ ತಿಳಿದಿರುವುದಿಲ್ಲ.

ನಮಗೂ ಹಾಗೆಯೇ ಆಯಿತು. ಒಂದು ಬೇಸಿಗೆಯಲ್ಲಿ ಹುಮನಾಬಾದಿನಲ್ಲಿ ಕೆಲವು ದಿನ ಇದ್ದಾಗ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಹೊಣೆ ನಮ್ಮ ಹೆಗಲಿಗೆ ಬಂತು. ನಾವು ಕಾಲೇಜಿನಲ್ಲಿ ಒಂದಿಷ್ಟು ಆಡಿದವರು, ಮಂಗಳೂರಿನ ನೆಹರೂ ಮೈದಾನದಲ್ಲಿ ಪಂದ್ಯ ನೋಡಿದವರು. ಅಷ್ಟು ಸಾಕೆಂದು ತಿಳಿದೆವು. ಸುಮಾರು 30 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರಾಗಿ ಬಂದು ಗೋಲಿಗೆ ಒದೆಯುವಂತೆ ಹೇಳಿದೆವು. ಇದ್ದುದು ಒಂದೇ ಚೆಂಡು. ಒಬ್ಬ ಒದೆಯುವಾಗ ಉಳಿದ 29 ಮಂದಿ ನಿಂತಿರಬೇಕು. ಸಾಲಿನ ಕೊನೆಯಲ್ಲಿದ್ದ ಒಬ್ಬ ಸಣ್ಣ ಹುಡುಗ ತನ್ನ ಸರದಿಗೆ ಎಷ್ಟೋ ಹೊತ್ತು ಕಾದ. ಸರದಿ ಬಂದಾಗ ಚೆಂಡು ಕಾಲಿಗೆ ಸಿಗದೆ ಬಿದ್ದ. ಎಲ್ಲರೂ ನಕ್ಕರು. ನಾವೂ ನಕ್ಕೆವು, ಅದೇ ನಮ್ಮ ದೊಡ್ಡ ತಪ್ಪು. ಮಾರನೆಯ ದಿನ ಅವನು ಬರಲಿಲ್ಲ. ಅದರ ಮರುದಿನ ಬಂದು ಗೋಡೆಯ ಆಚೆ ನಿಂತು ನೋಡುತ್ತಿದ್ದ, ಕರೆದರೆ ಓಡಿಹೋದ.

ಆ ಊರಿನಿಂದ ಮರಳಿದ ಮೇಲೆ ಈ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಕ್ಕಳಿಗೆ ಆಟ ಕಲಿಸುವುದು ಹೇಗೆ ಆರಂಭವಾಗಬೇಕು ಎಂದು ಓದುತ್ತಾ ಹೋದಂತೆ ನಮಗೆ ಎದುರಾದವರು ಸಯ್ಯದ್ ಅಬ್ದುಲ್ ರಹೀಂ. ಭಾರತದ ಫುಟ್‌ಬಾಲ್ ತಂಡಕ್ಕೆ ಎರಡು ಬಾರಿ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಕೋಚ್ ಎಂದು ಅವರ ಹೆಸರನ್ನು ಹಿರಿಯರು ಬಲ್ಲರು. 2024ರಲ್ಲಿ ಅವರ ಬದುಕನ್ನು ಆಧರಿಸಿದ 'ಮೈದಾನ್' ಹಿಂದಿ ಚಿತ್ರ ಬಂದ ಮೇಲೆ ಕಿರಿಯರೂ ತಿಳಿದುಕೊಂಡಿದ್ದಾರೆ. ಆದರೆ ಚಿತ್ರದಲ್ಲಿ ಕಾಣುವುದು ಹೆಚ್ಚಾಗಿ ಅಜಯ್ ದೇವಗನ್ ಅವರ ಸಿಗರೇಟು ಮತ್ತು ಜಕಾರ್ತದ ಫೈನಲು. ನಮಗೆ ಬೇಕಾಗಿದ್ದುದು ಅದಕ್ಕಿಂತ ಹಿಂದಿನ ರಹೀಂ, ಅಂದರೆ ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರು.

ಇನ್ನೊಂದು ಕಾರಣಕ್ಕೂ ಅವರು ನಮಗೆ ಹತ್ತಿರದವರೆನಿಸಿದರು. ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಪ್ರದೇಶದ ಬಹುಭಾಗ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ಅಕ್ಟೋಬರ್ ಕೊನೆಯ ತನಕ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಬಸವಕಲ್ಯಾಣದ ಕೋಟೆ, ಹುಮನಾಬಾದಿನ ಮಾಣಿಕಪ್ರಭು ದೇವಸ್ಥಾನ ಎಲ್ಲವೂ ಆ ರಾಜ್ಯದ ಮೇರೆಯೊಳಗಿದ್ದವು. ಇಲ್ಲಿನ ಜನರಿಗೆ ದೊಡ್ಡ ಊರೆಂದರೆ ಹೈದರಾಬಾದೇ. ಈಗಲೂ ಹುಮನಾಬಾದಿನ ನಡುವೆ ಹಾದುಹೋಗುವ ಹೆದ್ದಾರಿ ಒಂದು ಕಡೆ ಸೊಲ್ಲಾಪುರ, ಪುಣೆಗೆ ಹೋದರೆ ಮತ್ತೊಂದು ಕಡೆ ಜಹೀರಾಬಾದ್ ದಾಟಿ ಹೈದರಾಬಾದಿಗೆ ತಲುಪುತ್ತದೆ. ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲ ಮಾತುಗಳೂ ಒಂದೇ ಮೈದಾನದಲ್ಲಿ ಕೇಳಿಸುತ್ತವೆ. ನಾವು ಚೆಂಡು ಹಿಡಿದು ನಿಂತ ಆ ನೆಲ ರಹೀಂ ಸಾಹೇಬರ ಕಾಲದಲ್ಲಿ ಅವರದೇ ರಾಜ್ಯದ ನೆಲವಾಗಿತ್ತು.

ಮುಸಲ್ಮಾನ ಶಿಕ್ಷಕರೊಬ್ಬರ ಜೀವನಚರಿತ್ರೆ ಈ ಪುಟದಲ್ಲಿ ಏಕೆ ಎಂದು ಕೇಳುವವರಿರಬಹುದು. ಯುವಜನರ ಪಾಲಕರಾದ ಸಂತ ಜಾನ್ ಬೋಸ್ಕೊ ಅವರ ಹಬ್ಬವನ್ನು ಪ್ರತಿ ಜನವರಿ 31ರಂದು ನಾವು ಆಚರಿಸುತ್ತೇವೆ. ಟುರಿನ್ ನಗರದ ಬೀದಿ ಹುಡುಗರನ್ನು ಅವರು ಮೊದಲು ಒಟ್ಟುಗೂಡಿಸಿದ್ದು ಆಟದ ಮೂಲಕವೇ. ಪೋಪ್ ಸಂತ ದ್ವಿತೀಯ ಜಾನ್ ಪೌಲ್ ಬಾಲ್ಯದಲ್ಲಿ ಪೋಲೆಂಡಿನ ವಾಡೊವಿಟ್ಸೆ ಊರಲ್ಲಿ ಗೋಲ್‌ಕೀಪರ್ ಆಗಿದ್ದರು, ಯೆಹೂದಿ ಹುಡುಗರ ತಂಡಕ್ಕೆ ಜನ ಕಡಿಮೆ ಬಿದ್ದಾಗ ಆ ಕಡೆಯಿಂದಲೂ ಆಡುತ್ತಿದ್ದರು. ಮಕ್ಕಳ ಮೈದಾನದಲ್ಲಿ ಬೇಲಿ ಹಾಕುವ ಪದ್ಧತಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ನಾವೂ ಹಾಕುವುದಿಲ್ಲ.

ಸಯ್ಯದ್ ಅಬ್ದುಲ್ ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಉರ್ದುವಿನಲ್ಲಿಯೇ ಉನ್ನತ ಶಿಕ್ಷಣ ಕೊಡಲೆಂದು 1918ರಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. ಬಳಿಕ ಸಿಟಿ ಕಾಲೇಜಿನ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಸೇರಿ ಕಟ್ಟಿದ 'ಇಲೆವೆನ್ ಹಂಟರ್ಸ್' ತಂಡದಲ್ಲಿ, ಮುಂದೆ ಕಮರ್ ಕ್ಲಬ್‌ನಲ್ಲಿ ಆಡಿದರು. ಒಳ್ಳೆಯ ಆಟಗಾರರೇ, ಆದರೆ ಅವರ ಹೆಸರು ಉಳಿದಿರುವುದು ಆಟಗಾರರಾಗಿ ಅಲ್ಲ.

ಪದವಿ ಮುಗಿಸಿದ ಮೇಲೆ ಅವರು ಶಾಲಾ ಶಿಕ್ಷಕರಾದರು. ಕಾಚಿಗುಡಾ ಮಾಧ್ಯಮಿಕ ಶಾಲೆ, ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಹೀಗೆ ನಾಲ್ಕು ಶಾಲೆಗಳಲ್ಲಿ ಪಾಠ ಮಾಡಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಆಟೋಟದ ಜವಾಬ್ದಾರಿಯನ್ನೂ ವಹಿಸಿಕೊಂಡರು. ಈ ಡಿಪ್ಲೊಮಾ ವಿಷಯ ಸಣ್ಣದೆಂದು ತೋರಬಹುದು. ನಮಗೆ ಹಾಗೆ ತೋರಲಿಲ್ಲ. ಚೆನ್ನಾಗಿ ಆಡಬಲ್ಲವನು ಚೆನ್ನಾಗಿ ಕಲಿಸಬಲ್ಲ ಎಂಬ ಭ್ರಮೆ ನಮ್ಮಲ್ಲಿ ಅನೇಕರಿಗೆ ಇದೆ. ಹುಮನಾಬಾದಿನಲ್ಲಿ ನಮ್ಮನ್ನು ಕೆಡಿಸಿದ್ದೂ ಅದೇ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದ ರಹೀಂ, ಕಲಿಸುವ ವಿದ್ಯೆಯನ್ನು ಬೇರೆಯೇ ಆಗಿ ಕಲಿಯಬೇಕೆಂದು ತಿಳಿದಿದ್ದರು.

1940ರ ದಶಕದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕಾರ್ಯದರ್ಶಿ ಎಂದರೆ ಚೀಟಿ ಬರೆಯುವುದು, ಮೈದಾನ ಗೊತ್ತು ಮಾಡುವುದು, ತೀರ್ಪುಗಾರರನ್ನು ಹುಡುಕುವುದು, ತಂಡಗಳ ಜಗಳ ಬಿಡಿಸುವುದು. ನಮ್ಮ ಧರ್ಮಕೇಂದ್ರಗಳಲ್ಲಿ ಐಸಿವೈಎಂ ಕಾರ್ಯದರ್ಶಿಯಾಗಿ ದುಡಿದವರಿಗೆ ಈ ಕೆಲಸದ ರುಚಿ ಬೇರೆ ಹೇಳಬೇಕಾಗಿಲ್ಲ. ರಹೀಂ ಅದನ್ನು ಶ್ರದ್ಧೆಯಿಂದ ಮಾಡಿದರು. ಅದರ ಜೊತೆಗೆ ಅವರ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆ ಒಂದೇ: ಗಲ್ಲಿಯಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದ ಹುಡುಗರಿಗೆ ಒಟ್ಟಾಗಿ ಆಡುವುದನ್ನು ಹೇಗೆ ಕಲಿಸುವುದು?

ಗಲ್ಲಿಯ ಹುಡುಗ ಚೆಂಡು ಸಿಕ್ಕಿದರೆ ಬಿಡುವುದಿಲ್ಲ. ಎದುರಿನವರನ್ನು ಒಬ್ಬೊಬ್ಬರನ್ನಾಗಿ ವಂಚಿಸಿ ಮುಂದೆ ಹೋಗುವುದರಲ್ಲಿ ಅವನಿಗೆ ಆನಂದ. ನೋಡುವವರಿಗೂ ಆನಂದ. ಆದರೆ ತಂಡದ ಉಳಿದ ಹತ್ತು ಮಂದಿ ಪ್ರೇಕ್ಷಕರಾಗುತ್ತಾರೆ. ಇದಕ್ಕೆ ರಹೀಂ ಬೈಗುಳದ ಮದ್ದು ಹುಡುಕಲಿಲ್ಲ. ಆಟದ ನಿಯಮವನ್ನೇ ಬದಲಾಯಿಸಿದರು. ಡ್ರಿಬ್ಲಿಂಗ್ ಮಾಡುವಂತೆಯೇ ಇಲ್ಲ, ಚೆಂಡು ಬಂದೊಡನೆ ಜೊತೆಗಾರನಿಗೆ ಕೊಡಲೇಬೇಕು ಎಂಬ ಕಟ್ಟಳೆಯ ಪಂದ್ಯಾವಳಿಗಳನ್ನು ನಡೆಸಿದರು. ದುರ್ಬಲವಾದ ಕಾಲಿನಿಂದ ಮಾತ್ರ ಆಡಬೇಕೆಂಬ ಪಂದ್ಯಾವಳಿ ಇನ್ನೊಂದು. ಬಲಗಾಲಿನವರು ಎಡಗಾಲಲ್ಲಿ, ಎಡಗಾಲಿನವರು ಬಲಗಾಲಲ್ಲಿ. ಎತ್ತರ ಕಡಿಮೆ ಇರುವ ಹುಡುಗರಿಗೆ ಅವರದೇ ಪಂದ್ಯಾವಳಿಯನ್ನೂ ಮಾಡಿದರು.

ಇದರ ಹಿಂದಿನ ಯೋಚನೆಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ದುರ್ಬಲ ಕಾಲಿನ ಪಂದ್ಯದಲ್ಲಿ ಊರಿನ ಅತಿ ಚುರುಕಿನ ಹುಡುಗನೂ ತಡವರಿಸುತ್ತಾನೆ. ಚೆಂಡು ಎತ್ತಲೋ ಹೋಗುತ್ತದೆ. ಬೀಳುತ್ತಾನೆ. ಎಲ್ಲರೂ ಬೀಳುವುದರಿಂದ ಯಾರೂ ಯಾರನ್ನೂ ನೋಡಿ ನಗುವ ಹಾಗಿಲ್ಲ, ಅಥವಾ ಎಲ್ಲರೂ ಒಟ್ಟಿಗೆ ನಗುತ್ತಾರೆ. ನಾಲ್ಕು ವಾರ ಕಳೆದರೆ ಅದೇ ಹುಡುಗನಿಗೆ ಎರಡು ಕಾಲುಗಳು ಸಿಕ್ಕಿರುತ್ತವೆ. ಎತ್ತರದ ಮಿತಿಯ ಪಂದ್ಯದಲ್ಲಿ, ದೊಡ್ಡವರ ನಡುವೆ ಎಂದೂ ಚೆಂಡು ಮುಟ್ಟದ ಸಣ್ಣವನು ಮೊದಲ ಬಾರಿ ಚೆಂಡು ಮುಟ್ಟುತ್ತಾನೆ. ನಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದ ಹುಡುಗನ ಮುಖ ಇದನ್ನು ಓದುವಾಗ ಕಣ್ಣ ಮುಂದೆ ಬಂತು.

ಇಂದಿನ ಮಕ್ಕಳ ಫುಟ್‌ಬಾಲ್ ತರಬೇತಿಯೂ ಇದೇ ದಾರಿಯಲ್ಲಿದೆ. ಸಣ್ಣ ಮಕ್ಕಳನ್ನು 11 ಮಂದಿಯ ತಂಡ ಮಾಡಿ ದೊಡ್ಡ ಮೈದಾನದಲ್ಲಿ ಓಡಿಸುವುದನ್ನು ಈಗ ಯಾರೂ ಒಪ್ಪುವುದಿಲ್ಲ. ನಾಲ್ವರಿಗೆ ನಾಲ್ವರು, ಐವರಿಗೆ ಐವರು ಎಂದು ಚಿಕ್ಕ ಅಂಕಣಗಳಲ್ಲಿ ಆಡಿಸಿದರೆ ಪ್ರತಿ ಮಗುವಿಗೂ ಚೆಂಡು ಹೆಚ್ಚು ಬಾರಿ ಸಿಗುತ್ತದೆ. ಎಂಟು ವರ್ಷದೊಳಗಿನವರಿಗೆ 3ನೇ ಅಳತೆಯ ಚೆಂಡು, 12ರ ತನಕ 4ನೇ ಅಳತೆಯದು, ಅದರ ಮೇಲೆ ಮಾತ್ರ ದೊಡ್ಡವರ 5ನೇ ಅಳತೆಯದು. ನಾವು ಹುಮನಾಬಾದಿಗೆ ಒಯ್ದದ್ದು 5ನೇ ಅಳತೆಯ ಚೆಂಡು, ಅದರಲ್ಲಿ ಗಾಳಿಯೂ ಗಟ್ಟಿಯಾಗಿ ತುಂಬಿಸಿತ್ತು! ಹತ್ತು ವರ್ಷದ ಮಗುವಿನ ಬರಿಗಾಲಿಗೆ ಅದು ಕಲ್ಲಿದ್ದ ಹಾಗೆ. ಮೇ ತಿಂಗಳಲ್ಲಿ ಬೀದರ್ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುವುದು ಸಾಮಾನ್ಯವಾದ್ದರಿಂದ ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ನಂತರ ಆಡಿಸಬೇಕು, ಪದೇ ಪದೇ ನೀರು ಕುಡಿಸಬೇಕು. ಮಕ್ಕಳ ಜೊತೆ ಒಬ್ಬರೇ ಹಿರಿಯರು ಇರಬಾರದು, ಇಬ್ಬರಾದರೂ ಇರಬೇಕು. ತಂದೆತಾಯಿಯರ ಒಪ್ಪಿಗೆ ಮೊದಲೇ ಪಡೆದಿರಬೇಕು. ಧರ್ಮಸಭೆಯ ಮಕ್ಕಳ ಸುರಕ್ಷತಾ ನಿಯಮಗಳೂ 2012ರ ಪೋಕ್ಸೊ ಕಾಯಿದೆಯೂ ಇರುವ ಈ ಕಾಲದಲ್ಲಿ ಇದನ್ನು ಮರೆಯಲಾಗದು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಗ್ರಾಸ್‌ರೂಟ್ಸ್ ತರಬೇತಿ ಹೊಸಬರಿಗಾಗಿಯೇ ಇದೆ, ಅದರ ಮೇಲೆ ಡಿ ಲೈಸೆನ್ಸ್ ಇದೆ. ಐಸಿವೈಎಂನಲ್ಲಿರುವ ಆಸಕ್ತರು ಇದನ್ನು ಮಾಡಿಕೊಂಡರೆ ರಹೀಂ ಪಡೆದ ಡಿಪ್ಲೊಮಾದ ದಾರಿಯಲ್ಲೇ ನಡೆದಂತೆ.

ಮತ್ತೆ ರಹೀಂ ಅವರ ಕಥೆಗೆ ಬರೋಣ. 1950ರಲ್ಲಿ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು, ಸಾಯುವ ತನಕ ಆ ತಂಡದ ಜೊತೆಗೇ ಇದ್ದರು. ಮುಂಬಯಿಯ ರೋವರ್ಸ್ ಕಪ್ಪನ್ನು ಆ ತಂಡ 1950ರಿಂದ 1954ರ ತನಕ ಸತತ ಐದು ವರ್ಷ ಗೆದ್ದಿತು. 1950ರ ಡುರಾಂಡ್ ಕಪ್ಪಿನಲ್ಲಿ ಕಲ್ಕತ್ತೆಯ ಮೋಹನ್ ಬಾಗಾನನ್ನು ಫೈನಲಿನಲ್ಲಿ ಸೋಲಿಸಿತು. ಫುಟ್‌ಬಾಲ್ ಎಂದರೆ ಬಂಗಾಳ ಎಂದು ತಿಳಿದಿದ್ದ ಕಾಲದಲ್ಲಿ ದಖ್ಖನ್ನಿನ ಪೊಲೀಸರು ಹೀಗೆ ಗೆದ್ದಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಭಾರತ ತಂಡದ ಹೊಣೆಯೂ ಅವರಿಗೇ ಬಂತು. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಶೈಲೇನ್ ಮನ್ನಾ ನಾಯಕತ್ವದ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು.

ಮರುವರ್ಷವೇ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸೋಲಿಸಿತು. ನಮ್ಮವರಲ್ಲಿ ಹಲವರು ಆಗಲೂ ಬರಿಗಾಲಿನಲ್ಲೇ ಆಡುತ್ತಿದ್ದರು, ಫಿನ್ಲೆಂಡಿನ ಚಳಿಯಲ್ಲಿ ಅದು ನಡೆಯಲಿಲ್ಲ. ಆ ಬಳಿಕ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ಇಂಥ ಸೋಲಿನ ನಂತರ ಕೋಚ್‌ಗಳನ್ನು ಮನೆಗೆ ಕಳುಹಿಸುವುದೇ ವಾಡಿಕೆ, ಈಗಂತೂ ಮೂರು ಪಂದ್ಯ ಸೋತರೆ ಸಾಕು. ರಹೀಂ ಉಳಿದುಕೊಂಡರು. ಯುರೋಪಿನ ತಂಡಗಳು ಹೇಗೆ ಆಡುತ್ತವೆ, ಚೆಂಡಿಲ್ಲದ ಆಟಗಾರ ಎಲ್ಲಿ ನಿಲ್ಲುತ್ತಾನೆ, ಎಲ್ಲಿಗೆ ಓಡುತ್ತಾನೆ ಎಂಬುದನ್ನು ಕುಳಿತು ಅಭ್ಯಾಸ ಮಾಡಿದರು. ಬ್ರೆಜಿಲ್ 1958ರ ವಿಶ್ವಕಪ್ಪಿನಲ್ಲಿ 4-2-4 ವ್ಯೂಹವನ್ನು ಜಗತ್ತಿಗೆ ತೋರಿಸುವ ಮೊದಲೇ ರಹೀಂ ಅದೇ ಬಗೆಯ ಆಟವನ್ನು ತಮ್ಮ ತಂಡಗಳಿಗೆ ಕಲಿಸಿದ್ದರು ಎಂದು ಫುಟ್‌ಬಾಲ್ ಬರಹಗಾರರು ಗುರುತಿಸುತ್ತಾರೆ.

ಈ ಅವಧಿಯ ಒಂದು ಸಣ್ಣ ಪ್ರಸಂಗ ನಮಗೆ ಪದಕಗಳಿಗಿಂತ ಹೆಚ್ಚು ಪ್ರಿಯವಾಯಿತು. ಸಿಕಂದರಾಬಾದಿನ ಅಮ್ಮುಗುಡ ಎಂಬಲ್ಲಿ ತುಳಸೀದಾಸ್ ಬಲರಾಮ್ ಎಂಬ ಬಡ ಮನೆಯ ಹುಡುಗ ಆಡುತ್ತಿದ್ದ. ರಹೀಂ ಅವನ ಆಟ ನೋಡಿ, ಹೈದರಾಬಾದಿಗೆ ಬಂದು ಅಭ್ಯಾಸದಲ್ಲಿ ಸೇರಿಕೊಳ್ಳುವಂತೆ ಹೇಳಿದರು. ಹುಡುಗನಿಗೆ ಬರುವ ಆಸೆಯಿತ್ತು, ದಿನವೂ ಅಷ್ಟು ದೂರ ಬಂದುಹೋಗಲು ದುಡ್ಡಿರಲಿಲ್ಲ. ರಹೀಂ ಸೈಕಲ್ಲಿನ ವ್ಯವಸ್ಥೆ ಮಾಡಿಸಿದರು. ಇಷ್ಟೇ. ಆ ಸೈಕಲ್ಲು ತುಳಿದ ಹುಡುಗ 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ, 1962ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಆಡಿದ. 2023ರ ಫೆಬ್ರವರಿಯಲ್ಲಿ ಬಲರಾಮ್ ತೀರಿಕೊಂಡಾಗ ದೇಶದ ಸಾರ್ವಕಾಲಿಕ ಶ್ರೇಷ್ಠ ಮುನ್ಪಡೆ ಆಟಗಾರರಲ್ಲಿ ಒಬ್ಬರೆಂದು ಪತ್ರಿಕೆಗಳು ಬರೆದವು. ಹುಮನಾಬಾದ್ ತಾಲೂಕಿನ ತಾಂಡಾಗಳಿಂದ, ಬಸವಕಲ್ಯಾಣದ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಪೇಟೆಯ ಮೈದಾನಕ್ಕೆ ಬರುವುದಿಲ್ಲವೇಕೆ ಎಂದು ನಾವು ಅಲ್ಲಿ ಚರ್ಚಿಸುತ್ತಾ ಅವರಿಗೆ ಆಸಕ್ತಿ ಸಾಲದು ಎಂದುಕೊಂಡಿದ್ದೆವು. ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ನಾವು ಯಾರನ್ನೂ ಕೇಳಿರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬಸವಕಲ್ಯಾಣವೂ ಹುಮನಾಬಾದೂ ಹೈದರಾಬಾದಿನಿಂದ ಬೇರೆಯಾದವು. ನಮ್ಮ ದಕ್ಷಿಣ ಕನ್ನಡವೂ ಮದರಾಸಿನಿಂದ ಬಿಡಿಸಿಕೊಂಡು ಅದೇ ದಿನ ಅದೇ ರಾಜ್ಯಕ್ಕೆ ಬಂತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಂ ಅವರ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ಮೂರು ಗೋಲು ಹೊಡೆದವರು ಗೋವಾ ಮೂಲದ ನೆವಿಲ್ ಡಿಸೋಜ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಗಳಿಸಿದ ಮೊದಲ ಏಷ್ಯನ್ ಅವರು. ಆ ತಂಡದಲ್ಲಿ ಮೈಸೂರು ಸೀಮೆಯ ಕೆಂಪಯ್ಯ ಇದ್ದರು, ಹೈದರಾಬಾದಿನ ನೂರ್ ಮಹಮ್ಮದ್, ಜುಲ್ಫಿಕರುದ್ದೀನ್, ಬಲರಾಮ್ ಇದ್ದರು, ನಾಯಕರು ಬಂಗಾಳದ ಸಮರ್ ಬ್ಯಾನರ್ಜಿ. ಸೆಮಿಫೈನಲಿನಲ್ಲಿ ಯುಗೊಸ್ಲಾವಿಯಾಕ್ಕೆ 4-1ರಿಂದ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3-0ರಿಂದ ಸೋತು ಭಾರತ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅದಕ್ಕಿಂತ ಮೇಲಿನ ಸ್ಥಾನ ನಮಗೆ ಮತ್ತೆಂದೂ ದೊರೆತಿಲ್ಲ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನೊಂದಿಗೆ 1-1 ಸಮಬಲ ಸಾಧಿಸಿದರೂ ಹಂಗೇರಿ ಮತ್ತು ಪೆರುವಿಗೆ ಸೋತು ತಂಡ ಮನೆಗೆ ಮರಳಿತು. ಆ ತಂಡದ ಪಟ್ಟಿಯಲ್ಲಿ ರಹೀಂ ಅವರ ಮಗ ಸಯ್ಯದ್ ಶಾಹಿದ್ ಹಕೀಂ ಹೆಸರೂ ಇತ್ತು. ಆದರೆ ಒಂದು ಪಂದ್ಯದಲ್ಲೂ ಮಗ ಮೈದಾನಕ್ಕೆ ಇಳಿಯಲಿಲ್ಲ. ನಮ್ಮ ಊರಿನ ಕ್ರೀಡಾಕೂಟಗಳಲ್ಲಿ ತಂಡದ ಆಯ್ಕೆ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಇದರ ತೂಕ ತಿಳಿದೀತು.

ಇನ್ನು ಜಕಾರ್ತ. 1962ರ ಏಷ್ಯನ್ ಗೇಮ್ಸ್‌ಗೆ ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯಾ ಪ್ರವೇಶ ಕೊಡಲಿಲ್ಲ. ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಇದನ್ನು ವಿರೋಧಿಸಿದರು. ಅದರಿಂದ ಅಲ್ಲಿನ ಜನ ಭಾರತದ ಮೇಲೆ ಸಿಟ್ಟಾದರು, ಮೈದಾನದಲ್ಲಿ ನಮ್ಮ ರಾಷ್ಟ್ರಗೀತೆಗೂ ಕೂಗಾಟ ಎದುರಾಯಿತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ 2-0ರಿಂದ ಸೋಲಿಸಿತು. ಥೈಲೆಂಡಿನ ಎದುರಿನ ಪಂದ್ಯದಲ್ಲಿ ರಕ್ಷಣೆಯ ಆಧಾರವಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದರು. ಸ್ವತಃ ಕೋಚ್ ಆರೋಗ್ಯವಂತರಾಗಿರಲಿಲ್ಲ.

ಇಲ್ಲಿ ರಹೀಂ ಮಾಡಿದ್ದು ಧೈರ್ಯದ ಕೆಲಸ. ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್‌ರನ್ನು ಹಿಂದಿನ ಸಾಲಿನಿಂದ ತೆಗೆದು ಮುಂದಿನ ಸಾಲಿಗೆ ತಂದರು. ಕಾಲೇಜು ದಿನಗಳಲ್ಲಿ ಜರ್ನೈಲ್ ಮುಂದೆ ಆಡಿದ್ದವರು. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೆ 3-2ರ ಗೆಲುವಿನಲ್ಲಿ ಅವರದೂ ಗೋಲು ಇತ್ತು. ಫೈನಲಿನ ಹಿಂದಿನ ರಾತ್ರಿ ರಹೀಂ ಆಟಗಾರರನ್ನು ಕರೆದು, ತಮಗೊಂದು ಕಾಣಿಕೆ ಬೇಕು, ಅದು ಚಿನ್ನದ ಪದಕವಾಗಿರಲಿ ಎಂದು ಕೇಳಿಕೊಂಡರೆಂದು ಆ ತಂಡದವರು ಮುಂದೆ ನೆನಪಿಸಿಕೊಂಡಿದ್ದಾರೆ. ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನ ಎದುರಾಳಿಯ ಪರ ಕೂಗುತ್ತಿದ್ದಾಗ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಜ್ವರದಿಂದ ಎದ್ದು ಬಂದ ತಂಗರಾಜ್ ಗೋಲು ಕಾದರು. ಭಾರತ ಅದೇ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿತು. ನಾಯಕ ಚುನಿ ಗೋಸ್ವಾಮಿ. ತಂಡದಲ್ಲಿ ಗೋವಾದ ಫೋರ್ಚುನಾತೊ ಫ್ರಾಂಕೊ ಕೂಡ ಇದ್ದರೆಂಬುದನ್ನು ಕೊಂಕಣಿ ಮಾತನಾಡುವ ನಮ್ಮ ಓದುಗರಿಗೆ ಹೇಳಲೇಬೇಕು. ಆ ಸಂಜೆ ಕ್ರೀಡಾಂಗಣದಲ್ಲಿ ಭಾರತಕ್ಕಾಗಿ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ತಂಡದವರು.

ಆ ಗೆಲುವಿನ ಬಳಿಕ ರಹೀಂ ಬಹಳ ದಿನ ಬದುಕಲಿಲ್ಲ. ಜಕಾರ್ತದಿಂದ ಮರಳಿದ ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿದರು. ಶ್ವಾಸಕೋಶದ ಕ್ಯಾನ್ಸರ್ ಆಗಲೇ ಅವರ ದೇಹವನ್ನು ಆವರಿಸಿತ್ತು. 1963ರ ಜೂನ್ 11ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡರು. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ, ಅಂದರೆ ಅವರು ಹೋಗಿ 22 ವರ್ಷಗಳ ನಂತರ. ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರ ಫುಟ್‌ಬಾಲ್ ತಂಡ ಆಮೇಲೆ ಚಿನ್ನ ಗೆದ್ದಿಲ್ಲ, 1960ರ ನಂತರ ಒಲಿಂಪಿಕ್ಸ್‌ಗೆ ಅರ್ಹತೆಯನ್ನೂ ಗಳಿಸಿಲ್ಲ. ಒಬ್ಬರ ಸಾವಿನಿಂದ ಒಂದು ದೇಶದ ಆಟ ಇಳಿಮುಖವಾಯಿತೆಂದರೆ ಅದು ಪೂರ್ತಿ ಸರಿಯಲ್ಲ. ಹಣ, ಆಡಳಿತ, ಕ್ರಿಕೆಟ್ಟಿನ ಅಬ್ಬರ ಹೀಗೆ ಕಾರಣಗಳು ಬೇಕಾದಷ್ಟಿವೆ. ಆದರೆ ಶಾಲೆಯ ಮೈದಾನದಲ್ಲಿ ಸಣ್ಣ ಮಕ್ಕಳಿಗೆ ಎಡಗಾಲಿನ ಪಂದ್ಯಾವಳಿ ನಡೆಸುವವರು ಕಡಿಮೆಯಾದರು ಎನ್ನುವುದನ್ನೂ ಆ ಪಟ್ಟಿಯಲ್ಲಿ ಸೇರಿಸಬೇಕೆಂದು ನಮಗೆ ತೋರುತ್ತದೆ.

ಮಗ ಹಕೀಂ ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತರರಾಷ್ಟ್ರೀಯ ತೀರ್ಪುಗಾರರಾದರು, ತಂದೆಯಂತೆಯೇ ಕೋಚ್ ಕೂಡ ಆದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದಿತು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಗುಲ್ಬರ್ಗಾದ ಆಸ್ಪತ್ರೆಯೊಂದರಲ್ಲಿ. ಹುಮನಾಬಾದಿನಿಂದ ಅಲ್ಲಿಗೆ ರಸ್ತೆಯಲ್ಲಿ ಒಂದೂವರೆ ಗಂಟೆಯ ದಾರಿ. 2017ರ ಅಕ್ಟೋಬರ್‌ನಿಂದ ಬೀದರ್-ಕಲಬುರಗಿ ರೈಲೂ ಹುಮನಾಬಾದಿನ ಮೂಲಕವೇ ಹೋಗುತ್ತದೆ.

ಮುಂದಿನ ಬೇಸಿಗೆಯಲ್ಲಿ ನಾವು ಮತ್ತೆ ಹುಮನಾಬಾದಿಗೆ ಹೋದಾಗ 4ನೇ ಅಳತೆಯ ಆರು ಚೆಂಡುಗಳನ್ನು ಒಯ್ದೆವು. ಇಟ್ಟಿಗೆಗಳನ್ನಿಟ್ಟು ಮೈದಾನವನ್ನು ನಾಲ್ಕು ಭಾಗ ಮಾಡಿದೆವು. ಪಂದ್ಯಗಳನ್ನು ಸಂಜೆಯ ಕೊನೆಯ ಬಸ್ಸಿಗೆ ಮೊದಲೇ ಮುಗಿಸಿದೆವು. ಮೂರನೆಯ ದಿನ ಎಡಗಾಲಿನ ಪಂದ್ಯ ಇಟ್ಟೆವು. ಮಕ್ಕಳಿಗಿಂತ ಮೊದಲು ಬಿದ್ದವರು ನಾವೇ. ಗೋಡೆಯ ಆಚೆ ನಿಂತಿದ್ದ ಹುಡುಗ ಒಂದು ವರ್ಷದಲ್ಲಿ ಸ್ವಲ್ಪ ಎತ್ತರವಾಗಿದ್ದ. ನಾವು ಕರೆಯಲಿಲ್ಲ, ಚೆಂಡೊಂದು ಅವನ ಕಡೆಗೆ ಉರುಳಿಹೋದಾಗ ತಂದುಕೊಡುವಂತೆ ಮಾತ್ರ ಕೇಳಿದೆವು. ಅವನು ಗೋಡೆ ಹಾರಿ ಬಂದು ಅದನ್ನು ಎಡಗಾಲಿನಿಂದ ಒದ್ದ. ಚೆಂಡು ನಮ್ಮ ಕಡೆಗೆ ಬರಲಿಲ್ಲ, ಹೆದ್ದಾರಿಯ ದಿಕ್ಕಿಗೆ ಹೋಯಿತು. ಅದನ್ನು ಹಿಡಿಯಲು ಅವನ ಜೊತೆ ಇನ್ನೂ ನಾಲ್ವರು ಓಡಿದರು.